ವಿಮಾನ ರದ್ದಾದಾಗ ಬೇಗ ಸಹಾಯ ಪಡೆಯುವುದು ಹೇಗೆ?

2025ರ ಡಿಸೆಂಬರ್ 3ರಂದು ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆ ನಡೆಯಿತು. ವಧೂವರರು ಮಾತ್ರ ಅಲ್ಲಿರಲಿಲ್ಲ. ಭುವನೇಶ್ವರದಿಂದ ಬೆಂಗಳೂರು ಮಾರ್ಗವಾಗಿ ಬರಬೇಕಿದ್ದ ಅವರ ವಿಮಾನ ಗಂಟೆಗಟ್ಟಲೆ ತಡವಾಗಿ ಕೊನೆಗೆ ರದ್ದಾಯಿತು. ವಧುವಿನ ತಂದೆತಾಯಿ ವೇದಿಕೆಯಲ್ಲಿ ಕುಳಿತರು, ಮದುಮಕ್ಕಳು ಪರದೆಯ ಮೇಲೆ ಕಾಣಿಸಿಕೊಂಡರು. ಪೈಲಟ್‌ಗಳ ಕೆಲಸದ ಅವಧಿಯ ಹೊಸ ನಿಯಮಕ್ಕೆ ಸಿದ್ಧವಾಗದೆ ಇಂಡಿಗೋ ಸಂಸ್ಥೆ ಆ ದಿನಗಳಲ್ಲಿ ದೇಶದಾದ್ಯಂತ ಸಾವಿರಾರು ಹಾರಾಟಗಳನ್ನು ರದ್ದುಪಡಿಸಿತ್ತು.

ಮಂಚಿಕೇರಿ, ಯಲ್ಲಾಪುರ ಕಡೆಯವರಿಗೆ ಹತ್ತಿರದ ವಿಮಾನ ನಿಲ್ದಾಣವೂ ಹುಬ್ಬಳ್ಳಿಯೇ. ಗಲ್ಫಿಗೆ ಕೆಲಸಕ್ಕೆ ಹೋಗುವ ಮಕ್ಕಳು, ದೂರದ ಊರಿಗೆ ವರ್ಗವಾದ ಧರ್ಮಭಗಿನಿಯರು, ಬಾಡಿಗೆ ಕಾರು ಮಾಡಿಕೊಂಡು ನಸುಕಿನಲ್ಲೇ ಘಟ್ಟದ ಮೇಲಿನಿಂದ ಹೊರಡುತ್ತಾರೆ. ಅಲ್ಲಿ ತಲುಪಿದ ಮೇಲೆ 'ವಿಮಾನ ಇಲ್ಲ' ಎಂದು ತಿಳಿದರೆ ಆಗುವ ನಷ್ಟ ಟಿಕೆಟಿನದ್ದು ಮಾತ್ರವಲ್ಲ.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಟಿಕೆಟ್ ಮಾಡಿಸುವ ದಿನವೇ ಆಗಬೇಕು. ನಮ್ಮಲ್ಲಿ ಹೆಚ್ಚಿನವರು ಪೇಟೆಯ ಏಜೆಂಟರ ಬಳಿ ಟಿಕೆಟ್ ಮಾಡಿಸುತ್ತಾರೆ. ಎಷ್ಟೋ ಸಲ ಏಜೆಂಟರು ತಮ್ಮದೇ ಮೊಬೈಲ್ ಸಂಖ್ಯೆ ಹಾಕಿಬಿಡುತ್ತಾರೆ. ರದ್ದಾದ ಸಂದೇಶ ಅವರ ಫೋನಿಗೆ ಹೋಗುತ್ತದೆ, ಪ್ರಯಾಣಿಕರಿಗೆ ಗೊತ್ತೇ ಆಗುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದ ಪ್ರಕಾರ, ಸರಿಯಾದ ಸಂಪರ್ಕ ವಿವರ ಕೊಡದ ಪ್ರಯಾಣಿಕರಿಗೆ ಪರಿಹಾರಧನ ಸಿಗುವುದಿಲ್ಲ. ಆದ್ದರಿಂದ ಪ್ರಯಾಣಿಸುವವರ ಸ್ವಂತ ಸಂಖ್ಯೆ ಮತ್ತು ಇ-ಮೇಲ್ ಹಾಕಿಸಿ, ಟಿಕೆಟಿನ ಪ್ರತಿಯಲ್ಲಿ ಅದನ್ನು ಕಣ್ಣಾರೆ ನೋಡಿಕೊಳ್ಳಿರಿ. ಪಿಎನ್ಆರ್ ಸಂಖ್ಯೆಯನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿರಿ. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಇಲ್ಲದಾಗ ಕಾಗದವೇ ಉಪಯೋಗಕ್ಕೆ ಬರುವುದು.

ಎರಡನೆಯದು ಎಚ್ಚರಿಕೆಯ ಮಾತು. ವಿಮಾನ ಸಂಸ್ಥೆಯ ಸಹಾಯವಾಣಿ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿರಿ. ಮೋಸಗಾರರು ಅಲ್ಲಿ ನಕಲಿ ಸಂಖ್ಯೆಗಳನ್ನು ಹಾಕಿಟ್ಟಿರುತ್ತಾರೆ. 'ಹಣ ವಾಪಸು ಕೊಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಓಟಿಪಿ ಹೇಳಿ' ಎಂದರೆ ತಕ್ಷಣ ಫೋನ್ ಇಡಿರಿ. ಹಣ ವಾಪಸು ಪಡೆಯಲು ಓಟಿಪಿಯಾಗಲಿ ಯುಪಿಐ ಪಿನ್ ಆಗಲಿ ಬೇಕಿಲ್ಲ. ಟಿಕೆಟಿನ ಮೇಲೆ ಅಥವಾ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಇರುವ ಸಂಖ್ಯೆ ಮಾತ್ರ ನಂಬತಕ್ಕದ್ದು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ.

ನಿಲ್ದಾಣದಲ್ಲಿ ವಿಮಾನ ರದ್ದಾದರೆ ಒಬ್ಬರು ಕೌಂಟರಿನ ಸಾಲಿನಲ್ಲಿ ನಿಲ್ಲಲಿ, ಜೊತೆಯವರು ಅದೇ ಹೊತ್ತಿಗೆ ಫೋನಿನಲ್ಲೋ ಆ್ಯಪಿನಲ್ಲೋ ಪ್ರಯತ್ನಿಸಲಿ. ಮನೆಯಲ್ಲಿರುವವರೂ ಫೋನ್ ಮಾಡಬಹುದು, ಪಿಎನ್ಆರ್ ಗೊತ್ತಿದ್ದರೆ ಸಾಕು. ಮುಂದಿನ ಯಾವ ವಿಮಾನದಲ್ಲಿ ಜಾಗ ಬೇಕೆಂದು ಮೊದಲೇ ನೋಡಿಕೊಂಡು ಹೇಳಿದರೆ ಕೆಲಸ ಬೇಗ ಆಗುತ್ತದೆ. ಬದಲಿ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು. ಪ್ರಯಾಣ ಅನಿವಾರ್ಯವಾಗಿದ್ದರೆ ಗಡಿಬಿಡಿಯಲ್ಲಿ 'ರೀಫಂಡ್' ಒತ್ತಬೇಡಿರಿ, ಒತ್ತಿದರೆ ಆ ಟಿಕೆಟ್ ಅಲ್ಲಿಗೆ ಮುಗಿಯಿತು. ಕೌಂಟರಿನಲ್ಲಿರುವ ಹುಡುಗಿ ವಿಮಾನ ರದ್ದು ಮಾಡಿದವಳಲ್ಲ ಎಂಬುದೂ ನೆನಪಿರಲಿ. ಬೈದವರಿಗೆ ಅವಳು ಉತ್ತರ ಕೊಡಬಹುದು, ಸಮಾಧಾನದಿಂದ ಕೇಳಿದವರಿಗೆ ಸೀಟು ಹುಡುಕಿ ಕೊಡುತ್ತಾಳೆ.

ಮುನ್ಸೂಚನೆ ಕೊಡದೆ ಕೊನೆಯ 24 ಗಂಟೆಯೊಳಗೆ ರದ್ದುಪಡಿಸಿದರೆ, ಹಾರಾಟದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಕಡಿಮೆಯಾದದ್ದು ಪರಿಹಾರ. ಹವಾಮಾನದಂಥ ಕಾರಣಗಳಿಗೆ ಇದು ಅನ್ವಯಿಸದು. ಟಿಕೆಟ್ ಏಜೆಂಟರಿಂದ ಕೊಂಡಿದ್ದರೂ ಹಣ ಮರಳಿಸುವ ಹೊಣೆ ವಿಮಾನ ಸಂಸ್ಥೆಯದ್ದೇ. 'ನಿಮ್ಮ ಏಜೆಂಟರನ್ನು ಕೇಳಿ' ಎಂದು ಸಾಗಹಾಕಿದರೆ ಈ ಮಾತನ್ನು ಹೇಳಿರಿ.

ಫೋನಿನಲ್ಲಿ ಕೆಲಸ ಆಗದಿದ್ದರೆ ಬರವಣಿಗೆಗೆ ಇಳಿಯಬೇಕು. ಪ್ರತಿ ಸಂಸ್ಥೆಯ ಜಾಲತಾಣದಲ್ಲೂ ನೋಡಲ್ ಅಧಿಕಾರಿಯ ವಿಳಾಸವಿರುತ್ತದೆ, ಅವರ ಮೇಲೆ ಮೇಲ್ಮನವಿ ಅಧಿಕಾರಿ ಇರುತ್ತಾರೆ. ಪಿಎನ್ಆರ್, ದಿನಾಂಕ, ನಡೆದದ್ದು, ಬೇಕಾದದ್ದು ಇಷ್ಟನ್ನು ಅರ್ಧ ಪುಟದಲ್ಲಿ ಬರೆದರೆ ಸಾಕು. ಅಲ್ಲೂ ಉತ್ತರ ಬಾರದಿದ್ದರೆ 2016ರಲ್ಲಿ ವಿಮಾನಯಾನ ಸಚಿವಾಲಯ ಆರಂಭಿಸಿದ 'ಏರ್‌ಸೇವಾ'ದಲ್ಲಿ ದೂರು ದಾಖಲಿಸಬಹುದು. ಇಂಗ್ಲಿಷ್ ಬಾರದವರು 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಕನ್ನಡದಲ್ಲೇ ದೂರು ಬರೆದುಕೊಳ್ಳುತ್ತಾರೆ. ಕೊನೆಯ ಬಾಗಿಲು ಕಾರವಾರದ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ಅವಧಿ ಎರಡು ವರ್ಷ.

ಗಲ್ಫಿನಿಂದ ಬರುವವರಿಗೆ ಒಂದು ಮಾತು. ಪೆಟ್ಟಿಗೆ ಒಡೆದಿದ್ದರೆ ಅಥವಾ ಬಾರದಿದ್ದರೆ ನಿಲ್ದಾಣ ಬಿಡುವ ಮೊದಲೇ ಲಗೇಜು ಕೌಂಟರಿನಲ್ಲಿ ಪಿಐಆರ್ ಎಂಬ ವರದಿ ಬರೆಸಿ ಪ್ರತಿ ಪಡೆಯಿರಿ. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಯ ಬಗ್ಗೆ ಲಿಖಿತ ದೂರು ಪೆಟ್ಟಿಗೆ ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದ ಬಗ್ಗೆ 21 ದಿನಗಳೊಳಗೆ ತಲುಪಬೇಕು.