ಮುಂಗಡ ಕೊಟ್ಟ ಮಿತ್ರರು

ನಮ್ಮ ಪರಿಚಯದವರಲ್ಲಿ ಒಬ್ಬರಾದರೂ ಗ್ರಂಥಕರ್ತರು ಇದ್ದೇ ಇರುತ್ತಾರೆ. ಪ್ರಕಾಶಕರು ಮುಂದೆ ಬಾರದೆ, ಕೈಯಿಂದಲೇ ಹಣ ಹಾಕಿ ಪುಸ್ತಕವನ್ನು ಅಚ್ಚುಹಾಕಿಸಿ, ಕಟ್ಟುಗಳನ್ನು ಅಟ್ಟದ ಮೇಲೆ ಪೇರಿಸಿಕೊಂಡು ಕುಳಿತಿರುತ್ತಾರೆ. ಅವರನ್ನು ಕಂಡೊಡನೆ ನಾವು ಆಡುವ ಮಾತೇನು? “ನಮಗೊಂದು ಪ್ರತಿ ಇಲ್ಲವೆ, ಸ್ವಾಮಿ?” ಸಲುಗೆಯ ಮಾತೇನೋ ಹೌದು. ಆದರೆ ಅದರಿಂದ ಕಟ್ಟಿನಲ್ಲಿ ಒಂದು ಪ್ರತಿ ಕರಗಿತೇ ಹೊರತು ಅಚ್ಚಿನ ಸಾಲ ಕರಗಲಿಲ್ಲ. ಬರೆಯುವ ಮಿತ್ರನಿಗೆ ಮಿತ್ರರು ಹೇಗೆ ಒದಗಬೇಕೆಂಬುದಕ್ಕೆ 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಂದು ಒಳ್ಳೆಯ ನಿದರ್ಶನ ದೊರೆಯುತ್ತದೆ.

ಆ ಗ್ರಂಥಕರ್ತನ ಹೆಸರು ಒಲೌಡಾ ಈಕ್ವಿಯಾನೊ. ಜನ ಅವನನ್ನು ಗುಸ್ಟಾವಸ್ ವಾಸಾ ಎಂದೂ ಕರೆಯುತ್ತಿದ್ದರು. ಆಫ್ರಿಕದ ಈಬೋ ಜನರ ನಾಡಿನಲ್ಲಿ ತಾನು ಹುಟ್ಟಿದುದಾಗಿಯೂ, ಬಾಲ್ಯದಲ್ಲಿಯೇ ಕಳ್ಳರು ತನ್ನನ್ನು ಹಿಡಿದೊಯ್ದು ಗುಲಾಮನನ್ನಾಗಿ ಮಾರಿದುದಾಗಿಯೂ ಅವನೇ ಬರೆದಿದ್ದಾನೆ. ಹಡಗುಗಳಲ್ಲಿ ದುಡಿಯುತ್ತ, ಬಿಡುವಿನಲ್ಲಿ ಗಾಜಿನ ಲೋಟ, ಹಣ್ಣು ಮುಂತಾದವುಗಳ ಚಿಲ್ಲರೆ ವ್ಯಾಪಾರ ಮಾಡಿ, ಕಾಸಿಗೆ ಕಾಸು ಕೂಡಿಸಿ, 1766ರಲ್ಲಿ ತನ್ನ ಒಡೆಯನಿಗೆ 40 ಪೌಂಡು ಕೊಟ್ಟು ತನ್ನನ್ನು ತಾನೇ ಕೊಂಡುಕೊಂಡನು! ಮುಂದೆ ಲಂಡನ್ನಿನಲ್ಲಿ ನೆಲೆಸಿ, ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದು ಹೋರಾಡುತ್ತಿದ್ದವರ ಜೊತೆ ಸೇರಿದನು.

1789ರಲ್ಲಿ ಈ ಪ್ರಶ್ನೆ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದಿತು. ವ್ಯಾಪಾರಿಗಳ ಪರವಾಗಿ ಮಾತನಾಡಲು ಹಣವಿತ್ತು, ಪ್ರಭಾವವಿತ್ತು. ಗುಲಾಮಗಿರಿಯನ್ನು ಮೈಮೇಲೆ ಅನುಭವಿಸಿದವನ ಮಾತು ಜನರಿಗೆ ಮುಟ್ಟುವ ಬಗೆ ಹೇಗೆ? ಈಕ್ವಿಯಾನೊ ತನ್ನ ಜೀವನಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದನು. ಅಂದಿನ ಲೇಖಕರಲ್ಲಿ ಅನೇಕರು ತಮ್ಮ ಹಕ್ಕನ್ನು ಪುಸ್ತಕ ವ್ಯಾಪಾರಿಗೆ ಒಂದೇ ಬಾರಿಗೆ ಮಾರಿ ಕೈತೊಳೆದುಕೊಳ್ಳುತ್ತಿದ್ದರು. ಈತನು ಹಾಗೆ ಮಾಡಲಿಲ್ಲ. ತಾನೇ ಪ್ರಕಾಶಕನಾದನು. “ಗ್ರಂಥಕರ್ತನಿಗಾಗಿ ಮುದ್ರಿತ, ಗ್ರಂಥಕರ್ತನಲ್ಲಿಯೇ ದೊರೆಯುತ್ತದೆ” ಎಂಬರ್ಥದ ಒಕ್ಕಣೆಯೂ ಅವನ ಮನೆಯ ವಿಳಾಸವೂ ಮೊದಲ ಪುಟದಲ್ಲಿಯೇ ಅಚ್ಚಾದವು.

ಅಚ್ಚಿಗೆ ಹಣ? ಅಲ್ಲಿಯೇ ಮಿತ್ರರ ಕೆಲಸ ಮೊದಲಾಯಿತು. ಪುಸ್ತಕ ಹೊರಬರುವ ಮೊದಲೇ ಹೆಸರು ಕೊಟ್ಟು, ಅರ್ಧ ಬೆಲೆಯನ್ನು ಮುಂಗಡವಾಗಿ ಸಲ್ಲಿಸುವ ಚಂದಾ ಪದ್ಧತಿ ಆಗ ಬಳಕೆಯಲ್ಲಿತ್ತು. ಈಕ್ವಿಯಾನೊವಿಗೆ ಹೀಗೆ ದೊರೆತ ಚಂದಾದಾರರು 311 ಮಂದಿ. ಅವರ ಹೆಸರುಗಳೆಲ್ಲ ಪುಸ್ತಕದಲ್ಲಿ ಅಚ್ಚಾದವು. ವೇಲ್ಸಿನ ಯುವರಾಜ, ಕುಂಬಾರಿಕೆಯ ಉದ್ಯಮಿ ಜೊಸಾಯ ವೆಜ್‌ವುಡ್, ಗುಲಾಮರ ಪರವಾಗಿ ನ್ಯಾಯಾಲಯದಲ್ಲಿ ಹೋರಾಡಿದ ಗ್ರಾನ್ವಿಲ್ ಶಾರ್ಪ್ ಆ ಪಟ್ಟಿಯಲ್ಲಿದ್ದರು. ಅವನಂತೆಯೇ ಗುಲಾಮನಾಗಿದ್ದು ಬಿಡುಗಡೆ ಹೊಂದಿದ್ದ ಒಟೋಬಾ ಕುಗೊಆನೊ ಎಂಬ ಗೆಳೆಯನೂ ಇದ್ದನು. ಇವರ ಹಣದಿಂದ ಅಚ್ಚಿನ ಕೆಲಸ ಸಾಗಿತು. ಇವರ ಹೆಸರಿನಿಂದ ಅಪರಿಚಿತ ಓದುಗನಿಗೆ ನಂಬಿಕೆ ಹುಟ್ಟಿತು. ಎರಡನೆಯ ಉಪಕಾರ ಮೊದಲನೆಯದಕ್ಕಿಂತ ಕಡಿಮೆಯದೆಂದು ಹೇಳುವಂತಿಲ್ಲ.

ಅಚ್ಚಾದ ಮೇಲೆ ಮಾರಾಟ. ಈಕ್ವಿಯಾನೊ ಪುಸ್ತಕಗಳನ್ನು ಜೊತೆಗಿಟ್ಟುಕೊಂಡು ಊರೂರು ತಿರುಗಿದನು. ಆಗ ಮಿತ್ರರು ಮತ್ತೊಂದು ಬಗೆಯಲ್ಲಿ ನೆರವಾದರು. 1789ರ ಜುಲೈ ತಿಂಗಳಲ್ಲಿ ಥಾಮಸ್ ಕ್ಲಾರ್ಕ್‌ಸನ್ ಕೇಂಬ್ರಿಜ್‌ನ ತನ್ನ ಪರಿಚಯದವರೊಬ್ಬರಿಗೆ ಕಾಗದ ಬರೆದುಕೊಟ್ಟನು. ಈ ಕಾಗದ ತರುವಾತ ಪ್ರಾಮಾಣಿಕ, ಶ್ರಮಶೀಲ. ಕೆಲವು ಪುಸ್ತಕಗಳನ್ನು ತರುತ್ತಿದ್ದಾನೆ, ಅವು ಮಾರಾಟವಾದರೆ ಅವನ ಪ್ರಯಾಣದ ವೆಚ್ಚ ಹುಟ್ಟುತ್ತದೆ ಎಂಬುದು ಅದರ ಸಾರಾಂಶ. ಬರೆದವನಿಗೆ ಹಿಡಿದ ಹೊತ್ತು ಕಾಲು ಗಂಟೆಯಿರಬಹುದು. ಆದರೆ ಗುರುತಿಲ್ಲದ ಊರಿನಲ್ಲಿ ಅದು ತೆರೆದ ಬಾಗಿಲು ಎಷ್ಟು ದೊಡ್ಡದು! 1791-92ರಲ್ಲಿ ಐರ್ಲೆಂಡಿನಲ್ಲಿ ಸುಮಾರು ಎಂಟೂವರೆ ತಿಂಗಳಿದ್ದು, ಆತನು 1,900 ಪ್ರತಿಗಳನ್ನು ಮಾರಿದನು.

ಮಿತ್ರರಾದವರು ಹೊಗಳಲೇಬೇಕೆ? ಪುಸ್ತಕವನ್ನು ಮಾರುತ್ತಿದ್ದವರಲ್ಲಿ ಜೋಸೆಫ್ ಜಾನ್ಸನ್ ಒಬ್ಬನು. ಅವನೇ ನಡೆಸುತ್ತಿದ್ದ ಪತ್ರಿಕೆಯಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಇದರ ವಿಮರ್ಶೆ ಬರೆದಳು. ಗುಲಾಮಗಿರಿಯ ಭಾಗಗಳು ಅವಳ ಮನಸ್ಸನ್ನು ಕಲಕಿದವು. ಆದರೆ ಎರಡನೆಯ ಸಂಪುಟದ ಕೊನೆಯ ಭಾಗ ಸಪ್ಪೆಯೆಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಪುಸ್ತಕಕ್ಕೆ ಅದರಿಂದ ಕೇಡಾಗಲಿಲ್ಲ. ಓದಿ ಆಡಿದ ಒಂದು ಕಟುಮಾತು ಓದದೆ ಆಡಿದ ಹತ್ತು ಹೊಗಳಿಕೆಗಿಂತ ಮೇಲು.

ಮಿತ್ರರ ನಿಜವಾದ ಪರೀಕ್ಷೆ 1792ರಲ್ಲಿ ಬಂದಿತು. ಈತನು ಆಫ್ರಿಕದವನೇ ಅಲ್ಲ, ವೆಸ್ಟ್ ಇಂಡೀಸಿನ ಒಂದು ದ್ವೀಪದಲ್ಲಿ ಹುಟ್ಟಿದವನೆಂದು ಲಂಡನ್ನಿನ ಪತ್ರಿಕೆಗಳು ಬರೆದವು. ಗ್ರಂಥಕರ್ತನ ಮಾತು ಸುಳ್ಳೆಂದಾದರೆ ಗುಲಾಮರ ಪರವಾದ ಸಾಕ್ಷ್ಯವೇ ಕುಸಿಯುತ್ತದೆ. ತಾನು ಮೊದಲು ಇಂಗ್ಲೆಂಡಿಗೆ ಬಂದಾಗ ಆಫ್ರಿಕದ ಭಾಷೆಯ ಹೊರತು ಬೇರೇನೂ ಬಾರದಿದ್ದುದನ್ನು ಬಲ್ಲವರ ಹೆಸರುಗಳನ್ನು ಆತನು ಮುಂದಿನ ಮುದ್ರಣಗಳಲ್ಲಿ ಬಹಿರಂಗವಾಗಿ ಕೊಟ್ಟನು. ಜನ್ಮಸ್ಥಳವನ್ನು ಕುರಿತು ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯುಂಟು. ಆದರೆ ಅಂದು ಅವನನ್ನು ಕಣ್ಣಾರೆ ಕಂಡಿದ್ದವರ ಹೆಸರು ಅವನ ಬೆಂಬಲಕ್ಕೆ ನಿಂತಿತು.

1794ರ ಹೊತ್ತಿಗೆ ಆ ಪುಸ್ತಕ ಒಂಬತ್ತು ಮುದ್ರಣಗಳನ್ನು ಕಂಡಿತು. ಈಕ್ವಿಯಾನೊ 1797ರಲ್ಲಿ ತೀರಿಕೊಂಡನು. ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಶಾಸನ 1807ರಲ್ಲಿ ಬಂದಿತು. ಅದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. ಉಳಿದ ಮಗಳಿಗೆ 1816ರಲ್ಲಿ, ಅವಳು ಪ್ರಾಪ್ತವಯಸ್ಕಳಾದಾಗ, 950 ಪೌಂಡುಗಳ ಆಸ್ತಿ ದೊರೆಯಿತು. ತನ್ನ ದೇಹಕ್ಕೇ ಬೆಲೆ ಕಟ್ಟಿಸಿಕೊಂಡಿದ್ದವನು ಮಗಳಿಗೆ ಬಿಟ್ಟುಹೋದ ಆಸ್ತಿಯಿದು.

ಪುಸ್ತಕ ಹೊತ್ತು ತಿರುಗುವ ಈ ಕಾಯಕ ನಮ್ಮ ನಾಡಿಗೂ ಹೊಸದಲ್ಲ. ಕನ್ನಡ ಕಾದಂಬರಿಯ ಹಿರಿಯರಲ್ಲೊಬ್ಬರಾದ ಗಳಗನಾಥರು (1869-1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದುದನ್ನು ನೀವು ಕೇಳಿರಬಹುದು. ಅವರನ್ನು ನೆನೆದು ನಾವು ಹೆಮ್ಮೆಪಡುತ್ತೇವೆ. ಅಂದು ಬಾಗಿಲು ತೆರೆದು, ಬೆಲೆ ಕೊಟ್ಟು, ಪುಸ್ತಕವನ್ನು ಒಳಗೆ ಕರೆದುಕೊಂಡ ಮನೆಗಳನ್ನೂ ಜೊತೆಯಲ್ಲಿ ನೆನೆಯಬೇಕಲ್ಲವೆ?

ಆದುದರಿಂದ, ವಾಚಕರೇ, ನಿಮ್ಮ ಮಿತ್ರರು ಮುಂದಿನ ಸಲ ಅಚ್ಚಿನ ಮಾತೆತ್ತಿದಾಗ ಬೆಲೆಯೆಷ್ಟೆಂದು ಕೇಳಿ, ಮುಂಗಡವಾಗಿ ಕೊಡಿರಿ. ಓದಿದ ಮೇಲೆ ತೋಚಿದುದನ್ನು ಅವರೆದುರಿಗೆ ಹೇಳಿರಿ. ಪರವೂರಿನ ನಿಮ್ಮ ನೆಂಟರಿಗೋ ಗ್ರಂಥಾಲಯದವರಿಗೋ ನಾಲ್ಕು ಸಾಲು ಬರೆದುಕೊಡಿರಿ. ಗೌರವ ಪ್ರತಿಯನ್ನು ಅವರು ತಾವಾಗಿಯೇ ಕೊಡಲು ಬಂದರೆ, ಅದನ್ನು ಕೊಳ್ಳಲಾರದ ಒಬ್ಬ ವಿದ್ಯಾರ್ಥಿಗೆ ಕೊಡಿಸಿರಿ.