ಊರು ಬಿಟ್ಟ ಕಾಲ, ಊರಿಗೆ ಬೇಲಿ ಹಾಕಿದ ಕಾಲ

ರೋಗಗಳ ಚರಿತ್ರೆ ಬರೆಯುವಾಗ ನಾವು ಸತ್ತವರನ್ನು ಎಣಿಸಿ ಸುಮ್ಮನಾಗುತ್ತೇವೆ. ಬದುಕುಳಿದವರು ಮತ್ತೆ ಹೇಗೆ ಒಟ್ಟಿಗೆ ಕೂತರು, ಯಾರನ್ನು ಪಕ್ಕದಲ್ಲಿ ಕೂರಿಸಿಕೊಂಡರು, ಯಾರನ್ನು ಹೊರಗಿಟ್ಟರು ಎಂಬುದು ದಾಖಲಾಗುವುದು ಕಡಿಮೆ. ಕೊರೊನಾ ಕಳೆದ ಮೇಲೆ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಸೀಮೆಯ ಹಳ್ಳಿಗಳ ಬಗ್ಗೆ ಕೇಳಬೇಕಾದ ಪ್ರಶ್ನೆಯೂ ಇದೇ.

ಈ ಸೀಮೆಗೆ ಸಾಂಕ್ರಾಮಿಕ ರೋಗ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಮೈಸೂರಿಗೂ ಹಬ್ಬಿತು. ಆಮೇಲೆ ದಶಕಗಳ ಕಾಲ ಮತ್ತೆ ಮತ್ತೆ ಬಂದುಹೋಯಿತು. ಮನೆಯೊಳಗೆ ಇಲಿ ಸತ್ತು ಬಿದ್ದರೆ ಜನ ಊರು ಖಾಲಿ ಮಾಡಿ ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಆ ಚಿತ್ರ ಗೊತ್ತು. ಜಾತಿಯ ಅಂತರ ಆ ಗುಡಿಸಲುಗಳಲ್ಲಿ ಕರಗಿಹೋಗಿತ್ತೆಂದು ಹೇಳಲಾಗದು. ಆದರೂ ಹೊರಟದ್ದು ಇಡೀ ಊರು. ಪ್ಲೇಗು ಇಲಿ, ಚಿಗಟಗಳ ಮೂಲಕ ಮನೆಯೊಳಗೇ ಇರುತ್ತಿತ್ತು, ಹಾಗಾಗಿ ಜನ ಮನೆ ಬಿಟ್ಟರು. ಕೊರೊನಾ ಮನುಷ್ಯನ ಉಸಿರಿನಲ್ಲಿತ್ತು, ಹಾಗಾಗಿ ಮನುಷ್ಯರೇ ಒಬ್ಬರನ್ನೊಬ್ಬರು ಬಿಡಬೇಕಾಯಿತು.

2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ದೇಶಕ್ಕೆಲ್ಲ ಬೀಗ. ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ನೌಕರರಲ್ಲಿ ಸೋಂಕು ಕಾಣಿಸಿಕೊಂಡ ಮೇಲೆ ಮೈಸೂರು ಜಿಲ್ಲೆಯ ತುಂಬ ಭಯ ಹರಡಿತು. ರಾಜ್ಯದ ಎಷ್ಟೋ ಹಳ್ಳಿಗಳ ಬಾಯಿಗೆ ಮುಳ್ಳುಕಂಟಿ, ಮರದ ದಿಮ್ಮಿ ಬಿದ್ದವು. ಕೋಟೆ ಸೀಮೆಯಿಂದ ವಯನಾಡಿಗೆ ಹೋಗುವ ಬಾವಲಿಯ ಗಡಿಯಲ್ಲಿ 2021ರಲ್ಲಿಯೂ ಆರ್‌ಟಿಪಿಸಿಆರ್ ವರದಿ ತೋರಿಸಬೇಕಿತ್ತು. ಕೊಡಗಿನ ಕಾಫಿ ತೋಟಗಳ ಕೂಲಿಯನ್ನೇ ನೆಚ್ಚಿದ ಹಾಡಿಗಳ ಜೇನುಕುರುಬರಿಗೆ ಗಡಿ ಮುಚ್ಚುವುದೆಂದರೆ ಒಲೆ ಆರುವುದೆಂದೇ ಅರ್ಥ.

ಬೇಲಿ ರೋಗವನ್ನಷ್ಟೇ ತಡೆಯಲಿಲ್ಲ. ಹಳ್ಳಿಯ ಬದುಕು ಹಳ್ಳಿಯವರಿಂದಲೇ ನಡೆಯುವುದಿಲ್ಲ. ಬಳೆ ಮಾರುವವಳು, ಹಣ್ಣಿನ ಗಾಡಿಯವನು, ಹಾಸಿಗೆ ಹೊಲಿಯುವ ಪಿಂಜಾರ, ಪಾತ್ರೆಗೆ ಕಲಾಯಿ ಹಾಕುವ ಸಾಬಿ, ಇವರೆಲ್ಲ ಊರಿನವರಲ್ಲದಿದ್ದರೂ ಊರಿಗೆ ಸೇರಿದವರು. ದೆಹಲಿಯ ನಿಜಾಮುದ್ದೀನಿನ ಸುದ್ದಿ ಟಿವಿಗಳಲ್ಲಿ ಅಬ್ಬರಿಸಿದ ಮೇಲೆ ಇವರ ಪೈಕಿ ಮುಸ್ಲಿಮರ ಮೇಲೆ ಬೇರೆಯದೇ ಅನುಮಾನ ಬಿತ್ತು. ಸರಕಿಗೆ ಮೊದಲು ಹೆಸರು ಕೇಳುವ ಕಾಲ ಬಂತು. ಮುಸ್ಲಿಮರ ವಿರುದ್ಧ ಮಾತನಾಡಿದವರ ಮೇಲೆ ಕ್ರಮ ಕೈಗೊಳ್ಳುವುದಾಗಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಏಪ್ರಿಲ್ ತಿಂಗಳಲ್ಲಿ ಎಚ್ಚರಿಕೆ ಕೊಡಬೇಕಾಯಿತೆಂದರೆ ಪರಿಸ್ಥಿತಿ ಎಷ್ಟು ಹದಗೆಟ್ಟಿತ್ತೆಂದು ಊಹಿಸಬಹುದು.

ಇನ್ನು ಊರೊಳಗಿನ ಸಂಘಗಳ ಮಾತು. ಇವುಗಳಲ್ಲಿ ಎರಡು ಬಗೆ. ಯುವಕ ಸಂಘ, ಭಜನಾ ಮಂಡಳಿ, ನಾಟಕದ ತಂಡಗಳ ಜೀವವಿರುವುದು ಜನ ಸೇರುವುದರಲ್ಲಿ. ಅವು ಥಟ್ಟನೆ ನಿಂತವು. 2020ರ ಆಗಸ್ಟ್ 22ಕ್ಕೆ ಗಣೇಶ ಚೌತಿ, 30ಕ್ಕೆ ಮೊಹರಂ. ಒಂದೇ ತಿಂಗಳಲ್ಲಿ ಬಂದ ಎರಡೂ ಹಬ್ಬಗಳಿಗೆ ಮೆರವಣಿಗೆಯಿಲ್ಲ. ಹಳೆ ಮೈಸೂರಿನವರು ಬಾಬಯ್ಯನ ಹಬ್ಬ ಎಂದು ಕರೆದು ಹಿಂದೂ ಮುಸ್ಲಿಮರು ಕೂಡಿ ನಡೆಸುವ ಆಚರಣೆಗೆ ಆ ವರ್ಷ ಬಯಲೇ ಸಿಗಲಿಲ್ಲ.

ಇನ್ನೊಂದು ಬಗೆ, ಲೆಕ್ಕದ ಪುಸ್ತಕವಿರುವ ಸಂಘಗಳು. ಹಸು ಹಾಲು ಕೊಡುವುದನ್ನು ನಿಲ್ಲಿಸದಿರುವಾಗ ಡೇರಿ ಮುಚ್ಚುವಂತಿಲ್ಲ. ಬೆಳಿಗ್ಗೆ, ಸಂಜೆ ಕ್ಯಾನು ಹಿಡಿದು ದೂರ ದೂರ ನಿಂತ ಸಾಲೇ ಆ ದಿನಗಳಲ್ಲಿ ಹಳ್ಳಿಯ ಏಕೈಕ ಸಭೆ. ಮಿಕ್ಕ ಹಾಲನ್ನು ಸರ್ಕಾರ ಕೊಂಡು ಏಪ್ರಿಲ್‌ನಲ್ಲಿ ಬಡವರಿಗೆ ಉಚಿತವಾಗಿ ಹಂಚಿತು. ಮಹಿಳಾ ಸ್ವಸಹಾಯ ಸಂಘಗಳು ಮಾಸ್ಕ್ ಹೊಲಿದವು. ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕಂಡುಕೊಂಡದ್ದು ಇಲ್ಲಿ ನೆನಪಾಗುತ್ತದೆ: ದೊಡ್ಡ ಸಹಕಾರ ಸಂಘಗಳು ಅಪನಂಬಿಕೆಯಿಂದ ಒಡೆದಾಗ, ಪರಸ್ಪರ ಬಲ್ಲ ಹತ್ತಿಪ್ಪತ್ತು ಜನರ ಗುಂಪುಗಳು ಉಳಿದವು. ಕೋಟೆ ತಾಲ್ಲೂಕಿನಲ್ಲಿಯೂ ಕೆಲಸ ಮಾಡಿದ ಸಂಸ್ಥೆ ಅದು. ಅದೇ ಆಗಸ್ಟಿನಲ್ಲಿ ಆರಂಭವಾದ ‘ವಿದ್ಯಾಗಮ’ವೂ ಮಕ್ಕಳನ್ನು ಸಣ್ಣ ಗುಂಪು ಮಾಡಿ ಗುಡಿಯ ಜಗಲಿ, ಮರದ ನೆರಳಿಗೆ ಕರೆತಂದಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು.

ಸಣ್ಣ ಗುಂಪಿಗೂ ಸಂಕಟ ತಪ್ಪಲಿಲ್ಲ. ಸಾಲದ ಕಂತಿಗೆ 2020ರ ಆಗಸ್ಟ್ ಕೊನೆಯವರೆಗೆ ವಿನಾಯಿತಿಯಿತ್ತು, ಬಡ್ಡಿಗೆ ಇರಲಿಲ್ಲ. 2025ರ ಆರಂಭದಲ್ಲಿ ಮೈಸೂರು, ಚಾಮರಾಜನಗರ ಜಿಲ್ಲೆಗಳಲ್ಲಿ ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ವರದಿಗಳು ಬಂದವು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಆ ಸಾಲವೆಲ್ಲ ಲಾಕ್‌ಡೌನಿನದೇ ಎನ್ನಲಾಗದು. ಆದರೆ ವ್ಯತ್ಯಾಸ ನೋಡಿ: ಪ್ಲೇಗಿನಲ್ಲಿ ಊರೇ ಒಟ್ಟಾಗಿ ಹೊರಟಿತ್ತು, ಈಗ ಒಂದೊಂದೇ ಮನೆ ಕತ್ತಲಲ್ಲಿ ಹೊರಟಿತು. ಪಕ್ಕದ ಮನೆಯವರು ಕೇಳಲಿಲ್ಲ, ಹೋದವರು ಹೇಳಲಿಲ್ಲ.

ಈಗ ಜಾತ್ರೆ, ಉರುಸು, ಕಬಡ್ಡಿ ಪಂದ್ಯ ಎಲ್ಲವೂ ಮರಳಿವೆ. ಅಷ್ಟಕ್ಕೆ ಎಲ್ಲವೂ ಮೊದಲಿನಂತಾಯಿತು ಎಂದುಕೊಳ್ಳುವುದು ಸುಲಭ. ನಮ್ಮ ಸಂಘಗಳ ನಿರ್ಣಯ ಪುಸ್ತಕಗಳು ಯಾವುದೋ ಟ್ರಂಕಿನಲ್ಲಿ ಗೆದ್ದಲು ತಿನ್ನುವ ಮೊದಲು ಆ ಎರಡು ವರ್ಷಗಳ ಪುಟಗಳನ್ನು ತೆರೆದು ಓದಬೇಕು. ಯಾರಿಗೆ ಅಕ್ಕಿ ಕೊಟ್ಟೆವು, ಯಾರ ಕಂತನ್ನು ನಾವು ಕಟ್ಟಿದೆವು, ಯಾರನ್ನು ಊರ ಬಾಯಿಂದಲೇ ಹಿಂದಕ್ಕೆ ಕಳಿಸಿದೆವು ಎಂಬುದು ಅಲ್ಲಿ ಇಲ್ಲದಿದ್ದರೆ, ನೆನಪಿರುವವರು ಬದುಕಿರುವಾಗಲೇ ಬರೆದಿಡಬೇಕು. ಮುಂದಿನ ರೋಗ ಬಂದಾಗ ಬೇಲಿ ಎಲ್ಲಿ ಹಾಕಬೇಕು, ಅದರಲ್ಲಿ ಬಾಗಿಲು ಯಾರಿಗೆಲ್ಲ ತೆರೆದಿರಬೇಕು ಎಂದು ತಿಳಿಯಲು ಹಳ್ಳಿಗೆ ಬೇರೆ ಚರಿತ್ರೆ ಪುಸ್ತಕವಿಲ್ಲ.