ಅಂಗಾಲಿನ ಗಾಯ ಮಾಯದಿರುವುದಕ್ಕೆ ‘ಕೆಟ್ಟ ರಕ್ತ’ ಕಾರಣವೇ?

“ರಕ್ತ ಕೆಟ್ಟಿದೆ, ಅದಕ್ಕೇ ಗಾಯ ಮಾಯುತ್ತಿಲ್ಲ. ಬಿಸಿ ಎಣ್ಣೆ ಹಾಕಿ ಜೋರಾಗಿ ತಿಕ್ಕಿ.” ಕುಷ್ಠರೋಗ ಬಂದು ಹೋದವರ ಅಂಗಾಲಿನ ಹುಣ್ಣಿನ ಬಗ್ಗೆ ಈ ಮಾತನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಷ್ಟೇ ಅಲ್ಲ, ಎಲ್ಲೆಡೆ ಕೇಳುತ್ತೇವೆ. ಇದು ನಿಜವೇ?

ಅಲ್ಲ. ನಿಮ್ಮ ಉಗುರನ್ನು ಒಮ್ಮೆ ಒತ್ತಿ ನೋಡಿ. ಬೆಳ್ಳಗಾಗುತ್ತದೆ, ಬಿಟ್ಟರೆ ಮತ್ತೆ ಕೆಂಪಾಗುತ್ತದೆ. ಒತ್ತಿದಾಗ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಒತ್ತಡ ಗಂಟೆಗಟ್ಟಲೆ ಹಾಗೇ ಇದ್ದರೆ ಆ ಜಾಗಕ್ಕೆ ಆಮ್ಲಜನಕ ಸಿಗದೆ ಮಾಂಸ ಸಾಯುತ್ತದೆ. ಹಾಸಿಗೆ ಹಿಡಿದವರ ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುವುದು ಹೀಗೆ.

ನಮಗೆ ಒಂದೇ ಕಡೆ ಒತ್ತಿದರೆ ನೋವಾಗುತ್ತದೆ, ಕಾಲು ಬದಲಿಸುತ್ತೇವೆ. ಕುಷ್ಠರೋಗದಲ್ಲಿ ನರ ಹಾಳಾಗಿ ಸ್ಪರ್ಶವೇ ತಿಳಿಯುವುದಿಲ್ಲ. ಕಡಲೆಕಾಯಿ ಹೊಲದಲ್ಲಿ ಮುಳ್ಳು ಚುಚ್ಚಿದರೂ, ಬೊಬ್ಬೆ ಎದ್ದರೂ ಅದೇ ಕಾಲಲ್ಲಿ ನಡೆಯುತ್ತಾರೆ. ಪ್ರತಿ ಹೆಜ್ಜೆಯೂ ಗಾಯವನ್ನು ಮತ್ತೆ ಜಜ್ಜುತ್ತದೆ. ಹಾಗಾಗಿ ಔಷಧಿಯಿಂದ ರೋಗಾಣು ಸತ್ತ ಮೇಲೂ ಹುಣ್ಣು ಉಳಿಯಬಹುದು. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕಳೆದ ಶತಮಾನದ ನಡುವೆಯೇ ಇದನ್ನು ತೋರಿಸಿದ್ದರು: ಪ್ಲಾಸ್ಟರ್ ಹಾಕಿ ಕಾಲಿನ ಮೇಲಿನ ಒತ್ತಡ ತಪ್ಪಿಸಿದರೆ ಈ ಹುಣ್ಣುಗಳೂ ಮಾಯುತ್ತವೆ.

ಹಾಗಾದರೆ ತಿಕ್ಕಿದರೆ? ಕೆಂಪಾದ ಜಾಗದ ಒಳಗಿನ ನಾಳಗಳು ಆಗಲೇ ಪೆಟ್ಟು ತಿಂದಿರುತ್ತವೆ. ತಿಕ್ಕಿದರೆ ಇನ್ನಷ್ಟು ಹರಿಯುತ್ತವೆ. ಬಿಸಿ ಎಣ್ಣೆಯಿಂದ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಮಾಡಬೇಕಾದದ್ದು ಇಷ್ಟು:
• ದಿನಾ ಸಂಜೆ ಅಂಗಾಲು ನೋಡಿಕೊಳ್ಳಿ. ಕಾಣದಿದ್ದರೆ ಕನ್ನಡಿ ಹಿಡಿಯಿರಿ.
• ಗಾಯವಿಲ್ಲದಿದ್ದರೆ ತಣ್ಣೀರಿನಲ್ಲಿ 20 ನಿಮಿಷ ಕಾಲು ನೆನೆಸಿ, ಗಟ್ಟಿ ಚರ್ಮವನ್ನು ಮೆಲ್ಲಗೆ ಉಜ್ಜಿ, ಒದ್ದೆ ಇರುವಾಗಲೇ ಎಣ್ಣೆ ಸವರಿ.
• ಗಾಯವಿದ್ದರೆ ತೊಳೆದು ಶುಭ್ರ ಬಟ್ಟೆ ಕಟ್ಟಿ, ಆ ಕಾಲಿಗೆ ವಿಶ್ರಾಂತಿ ಕೊಡಿ.
• ಮೆತ್ತನೆಯ ಎಂಸಿಆರ್ ಚಪ್ಪಲಿ ಹಾಕಿ. ಇದನ್ನು ಸರ್ಕಾರದ ಕುಷ್ಠರೋಗ ಕಾರ್ಯಕ್ರಮದಲ್ಲಿ ಉಚಿತವಾಗಿ ಕೊಡುತ್ತಾರೆ.
• ಹಾಸಿಗೆ ಹಿಡಿದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಸಕ್ಕರೆ ಕಾಯಿಲೆಯವರಿಗೆ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಅವರಲ್ಲಿ ನರದ ಜೊತೆ ರಕ್ತನಾಳವೂ ಕಿರಿದಾಗಿರಬಹುದು. ಕೀವು, ವಾಸನೆ, ಜ್ವರ, ಕಪ್ಪಾದ ಚರ್ಮ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಕುಷ್ಠರೋಗಕ್ಕೆ 6 ಅಥವಾ 12 ತಿಂಗಳ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪಾವಗಡದ ಸ್ವಾಮಿ ವಿವೇಕಾನಂದ ಗ್ರಾಮೀಣ ಆರೋಗ್ಯ ಕೇಂದ್ರವೂ ಈ ರೋಗಿಗಳ ಸೇವೆಯಲ್ಲಿದೆ.

ರಕ್ತ ಕೆಟ್ಟಿಲ್ಲ, ಅದಕ್ಕೆ ದಾರಿ ಬಿಡಬೇಕು ಅಷ್ಟೇ. ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.